ಪೋಷಕರ ಕೋಣೆ

ಬೆಳಿಗ್ಗೆ ಕೆಲಸಕ್ಕೆ ಕೂರುವ ಮೊದಲು ನನ್ನ ಅತ್ತಿಗೆ ಹಿಂದಿನ ದಿನ ಮುಗಿಸಿಟ್ಟ ಹಲ್ಲುಸೆಟ್ಟುಗಳ ಮೇಲೆ ಹೆಬ್ಬೆರಳು ಸವರುತ್ತಾರೆ. ಎಲ್ಲಾದರೂ ತರಿ ಉಳಿದಿದ್ದರೆ ಯಾರದೋ ಒಸಡಿಗೆ ಚುಚ್ಚೀತೆಂಬ ಚಿಂತೆ. ಜ್ವರವಿದ್ದ ದಿನವೂ, ನಮ್ಮಣ್ಣ ತೀರಿಕೊಂಡ ಮೇಲೆ ಮತ್ತೆ ಕೆಲಸಕ್ಕೆ ಹೋದ ದಿನವೂ ಅದನ್ನು ತಪ್ಪಿಸಿದವರಲ್ಲ. ಆಮೇಲೆ ಹಾಡು ಹಾಕುತ್ತಾರೆ. ಅದರ ಹಿಂದೆಯೇ ಉಜ್ಜುವ ಯಂತ್ರ.

ಹಾಡೆಂದರೆ ಹೆವಿ ಮೆಟಲ್. ದಂತವೈದ್ಯರಿಗೆ ಕಟ್ಟುಹಲ್ಲು ಮಾಡಿಕೊಡುವ ಆ ಲ್ಯಾಬಿನಲ್ಲಿ ಯಂತ್ರ ಶುರುವಾದರೆ ಪಕ್ಕದವರು ಕೂಗಿದರೂ ಕೇಳಿಸದು. ಅತ್ತಿಗೆ ಸೇರಿದ ಹೊಸತರಲ್ಲಿ ರೇಡಿಯೋದ ಇಂಪಾದ ಹಾಡುಗಳೆಲ್ಲ ಯಂತ್ರದ ಹೊಟ್ಟೆ ಸೇರುತ್ತಿದ್ದವು. ಜೊತೆಯ ಕೆಲಸದವಳೊಬ್ಬಳು ಎಲ್ಲಿಂದಲೋ ಒಂದು ಕ್ಯಾಸೆಟ್ ತಂದು ಹಾಕಿದಳು. ಅದೊಂದೇ ಆ ಗದ್ದಲದ ಮೇಲೆ ಎದ್ದು ಕೇಳಿಸಿತು.

"ನನ್ನ ಮೆಷಿನ್ನಿಗೆ ಹೆದರದೆ ಹಾಡಿದವ್ರು ಅವ್ರೇ ಕಣೇ," ಎನ್ನುತ್ತಾರೆ ಅತ್ತಿಗೆ. ನಾನು ದೇವರಲ್ಲಿ ಒಂದಿಷ್ಟು ಮೌನ ಬೇಡುವವಳು. ಆದರೂ ಒಂದೇ ಮನೆಯಲ್ಲಿ ಹೇಗೋ ಹೊಂದಿಕೊಂಡಿದ್ದೇವೆ.

ಆ ಕ್ಯಾಸೆಟ್ಟಿನಲ್ಲಿ ಹಾಡಿದ ತಂಡವೇ ನಮ್ಮ ಊರಿಗೆ ಬರುತ್ತದೆಂದು ಗೊತ್ತಾಯಿತು. ದೊಡ್ಡ ನಗರಗಳನ್ನು ಬಿಟ್ಟು ಅವರು ಇತ್ತ ಬಂದವರೇ ಅಲ್ಲ. ಎಲ್ಲರಿಗೂ ವಯಸ್ಸಾಗಿತ್ತು, ಇದೇ ಕೊನೆಯ ತಿರುಗಾಟವಂತೆ. ಅತ್ತಿಗೆಗೆ ಬೇಕಿದ್ದದ್ದು ಇಷ್ಟೇ: ವೇದಿಕೆಯ ಮುಂದಿನ ಕಂಬಿ ಹಿಡಿದು ನಿಂತು ಒಂದು ಸಲ ಕೇಳಬೇಕು. "ಒಬ್ಳೇ ಹೋದ್ರೆ ಮಗಳು ಬೈತಾಳೆ, ನೀನೂ ಬಾ," ಎಂದರು. ಹೋದೆ.

ಸಭಾಂಗಣದ ಬಾಗಿಲಲ್ಲಿ ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡ ಸ್ವಯಂಸೇವಕನೊಬ್ಬ ಕೈಮುಗಿಯುವುದೊಂದು ಬಾಕಿ. "ಬನ್ನಿ ಅಮ್ಮ, ಈ ಕಡೆ ಬನ್ನಿ," ಎಂದು ಪಕ್ಕದ ಕೋಣೆಯೊಂದಕ್ಕೆ ಕರೆದೊಯ್ದು ಕೂರಿಸಿದ. ಕುರ್ಚಿಗಳು, ಕುಡಿಯುವ ನೀರು, ಬಿಸ್ಕತ್ತು. ಬಾಗಿಲ ಮೇಲೆ 'ಪೋಷಕರಿಗೆ' ಎಂದು ಬರೆದಿತ್ತು. ಇಂಥ ಕಾರ್ಯಕ್ರಮ ಊರಿಗೇ ಹೊಸದು. ಮಕ್ಕಳ ಹಿಂದೆ ಅಪ್ಪ ಅಮ್ಮಂದಿರೂ ಬಂದು ಬಾಗಿಲಲ್ಲಿ ನಿಂತಾರೆಂದು ಮಾಡಿದ ಏರ್ಪಾಡು.

ಪಕ್ಕದಲ್ಲಿ ಸ್ವೆಟರ್ ಹೆಣೆಯುತ್ತಿದ್ದಾಕೆ ಅತ್ತಿಗೆಯನ್ನು ಕೇಳಿದರು, "ನಿಮ್ಮದು ಮಗನೋ, ಮಗಳೋ?"

"ನಾನೇ," ಎಂದು ಅತ್ತಿಗೆ ಎದ್ದೇಬಿಟ್ಟರು.

ಟಿಕೆಟ್ ತೋರಿಸಿದರೆ ಸ್ವಯಂಸೇವಕ ಕೈಚಾಚಿದ. "ಅಯ್ಯೋ, ಮಕ್ಕಳ ಟಿಕೆಟ್ಟು ನಿಮ್ಮ ಹತ್ರಾನೇ ಉಳ್ಕೊಂಡ್ತಾ? ಕೊಡಿ, ನಾನು ತಲುಪಿಸ್ತೀನಿ."

"ನಂದಪ್ಪಾ ಇದು! ನಾನು ದುಡ್ಡು ಕೊಟ್ಟು ತಗೊಂಡಿದ್ದು!"

"ಒಳಗೆ ಶಬ್ದ ತುಂಬಾ ಜಾಸ್ತಿ ಅಮ್ಮಾ. ತಲೆ ಸುತ್ತು ಬಂದ್ಬಿಡುತ್ತೆ. ಆರಾಮಾಗಿ ಕೂತ್ಕೊಳ್ಳಿ, ಟೀ ತರಿಸ್ತೀನಿ."

ಅಷ್ಟರಲ್ಲಿ ಗೋಡೆಯಾಚೆ ಮೊದಲ ಹಾಡು ಶುರುವಾಯಿತು. ಮೇಜಿನ ಮೇಲಿನ ಲೋಟಗಳಲ್ಲಿ ನೀರು ನಡುಗಿತು. ಅತ್ತಿಗೆ ಒಮ್ಮೆ ಲೋಟ ನೋಡಿದರು, ಒಮ್ಮೆ ಅವನನ್ನು ನೋಡಿದರು.

"ಟೀ ನೀನೇ ಕುಡಿ," ಎಂದು ಅವನನ್ನು ಬದಿಗೆ ಸರಿಸಿ ಹೊರಟೇಬಿಟ್ಟರು. ಅವರ ಸೆರಗು ಹಿಡಿದು ನಾನು.

ಒಳಗೆ ಕಾಲಿಡಲು ಜಾಗವಿರಲಿಲ್ಲ. ಎಲ್ಲರೂ ಕಪ್ಪು ಅಂಗಿ ತೊಟ್ಟು, ಕೂದಲು ಕೆದರಿಕೊಂಡು ತಲೆ ಕೊಡವುತ್ತಿದ್ದರು. ನಾನು ದೇವರನ್ನು ನೆನೆದೆ. ಆದರೆ ಅತ್ತಿಗೆಯ ಸಿಡುಕು ಮೋರೆ ಕಂಡಿದ್ದೇ ತಡ, ಕೊಡವುತ್ತಿದ್ದ ತಲೆಗಳು ಅಲ್ಲಲ್ಲೇ ನಿಂತವು. ಒಬ್ಬ ಸಿಗರೇಟನ್ನು ಬೆನ್ನ ಹಿಂದೆ ಅಡಗಿಸಿದ.

"ಲೋ, ಯಾರದೋ ಅಮ್ಮ ಬಂದವ್ರೆ ಕಣ್ರೋ, ದಾರಿ ಬಿಡ್ರೋ!"

"ಯಾರನ್ನ ಹುಡುಕ್ತಿದ್ದೀರಾ ಆಂಟಿ? ಹೆಸರು ಹೇಳಿ, ನಾವೇ ಹಿಡ್ಕೊಡ್ತೀವಿ!"

"ನಿಮ್ಮ ತಲೆ!" ಅತ್ತಿಗೆ ಕೂಗಿದ್ದು ಯಾರಿಗೂ ಕೇಳಿಸಲಿಲ್ಲ. ಯಾವನನ್ನೋ ಕಿವಿ ಹಿಡಿದು ಎಳೆದೊಯ್ಯಲು ಬಂದ ತಾಯಿಯೆಂದೇ ಎಲ್ಲರೂ ಸರಿದರು. ಬೈಯುತ್ತ ಬೈಯುತ್ತಲೇ ಅತ್ತಿಗೆ ವೇದಿಕೆಯ ಮುಂದೆ ಬಂದು ಮುಟ್ಟಿದರು. ಕಂಬಿ ಹಿಡಿದರು, ಅದರ ಮೇಲೂ ಒಮ್ಮೆ ಹೆಬ್ಬೆರಳು ಸವರಿದರು. ಮೇಲೆ ಗಾಯಕ, ಹೊಟ್ಟೆ ಬಂದ ಮುದುಕ, ಗಂಟಲು ಹರಿಯುವಂತೆ ಕೂಗುತ್ತಿದ್ದ. ನನ್ನ ಪಕ್ಕೆಲುಬುಗಳೊಳಗೂ ಏನೋ ಬಡಿಯಿತು.

ಹಾಡು ಮುಗಿಯುವ ಹೊತ್ತಿಗೆ ಸ್ವಯಂಸೇವಕ ಏದುಸಿರು ಬಿಡುತ್ತ ಬಂದ. ಪೋಷಕರ ಕೋಣೆಯ ಕುರ್ಚಿಯೊಂದನ್ನು ತಲೆಯ ಮೇಲೆ ಹೊತ್ತು ತಂದಿದ್ದ.

"ತಪ್ಪಾಯ್ತು ಅಮ್ಮಾ, ನಿಮ್ಮದೇ ಟಿಕೆಟ್ಟು ಅಂತ ಗೊತ್ತಾಗ್ಲಿಲ್ಲ. ಇಲ್ಲೇ ಮುಂದೆ ಹಾಕ್ತೀನಿ, ಕೂತ್ಕೊಂಡು ನೋಡಿ."

ಅತ್ತಿಗೆ ತಿರುಗಿಯೂ ನೋಡಲಿಲ್ಲ, ಕಂಬಿಯ ಮೇಲಿನ ಕೈ ತೆಗೆಯಲೂ ಇಲ್ಲ.

"ದಿನಾ ಕೂತ್ಕೊಂಡೇ ಕೇಳ್ತೀನಪ್ಪಾ. ಅದನ್ನ ನಮ್ಮ ನಾದಿನಿಗೆ ಹಾಕು."