ಅತ್ತಿಯ ಮಗ್ಗ ನಿಲ್ಲಿಸಿದ ಗೊಂಯ್ ಸದ್ದು

ಮೊದಲೇ ಹೇಳಿಬಿಡುತ್ತೇನೆ: ಗದ್ದಲ ಮಾಡಿದ್ದು ನನ್ನ ಕಂಪ್ಯೂಟರು, ನಿಂತದ್ದು ಪಕ್ಕದ ಮನೆಯ ಮಗ್ಗ, ಇವೆರಡರ ನಡುವೆ ಮಹಾ ಜಾಣನಂತೆ ಓಡಾಡಿದ್ದು ನಾನು.

ಇಳಕಲ್ಲಿನಲ್ಲಿ ನಮ್ಮ ಮನೆಯ ಗೋಡೆಗೆ ಅಂಟಿಕೊಂಡೇ ಅತ್ತಿಯ ಮನೆ. ಸಂಬಂಧದಲ್ಲಿ ಅತ್ತಿಯಲ್ಲ, ನಾನು ಹಾಗೆ ಕರೆಯುತ್ತೇನೆ, ಆಕೆ ಚೇಷ್ಟೆಗೆ ನನ್ನನ್ನು ಅಳಿಯಾ ಎನ್ನುತ್ತಾಳೆ. ಕೈಮಗ್ಗದಲ್ಲಿ ಆಕೆ ನೇಯುವ ಸೀರೆಗಳೆಲ್ಲ ಅಂಗಡಿಗೆ ಹೋಗುತ್ತವೆ. ಆ ಬೇಸಿಗೆಯಲ್ಲಿ ಮಗ್ಗದ ಮೇಲಿದ್ದ ಹಸಿರು ಸೀರೆ ಮಾತ್ರ ಹುನಗುಂದದಲ್ಲಿದ್ದ ಬಸುರಿ ಮಗಳಿಗೆ. ಮುಂದಿನ ಸೋಮವಾರ ಅವಳ ಸೀಮಂತದ ಕುಬಸ. ಸೀರೆ ಇನ್ನೂ ಅರ್ಧಕ್ಕಿತ್ತು.

ನನಗೂ ಅವಸರವಿತ್ತು. ಅದರ ಘನತೆ ಕೇಳಿ: ಬಾಗಲಕೋಟೆಯ ನಮ್ಮ ಕಾಲೇಜಿನ ಗ್ಯಾದರಿಂಗಿಗೆ ‘ಬಾದಾಮಿ ಬಸ್ಸು’ ಎಂಬ ಮಿಮಿಕ್ರಿ ರೆಕಾರ್ಡ್ ಮಾಡುತ್ತಿದ್ದೆ. ಕಂಡಕ್ಟರು, ಕಿಟಕಿಯಿಂದ ಸೀಟಿಗೆ ಟವೆಲ್ ಎಸೆಯುವ ಮುದುಕ, ಐಹೊಳೆಯ ಗೈಡು, ಕೊನೆಗೆ ಬಾದಾಮಿಯ ಮಂಗ, ಎಲ್ಲವೂ ನಾನೇ. ಮಂಗನಿಗೆ ತಯಾರಿ ಬೇಕಾಗಿಲ್ಲವೆಂದು ಅವ್ವನ ಅಭಿಪ್ರಾಯ.

ರೆಕಾರ್ಡಿನಲ್ಲಿ ಮಗ್ಗದ ಖಟ್ ಖಟ್ ಬೀಳುತ್ತಿತ್ತು. ಅತ್ತಿಯ ಬಾಗಿಲಿಗೆ ಹೋದೆ.

“ಅತ್ತಿ, ಸ್ವಲ್ಪ ಮಗ್ಗ ನಿಲ್ಲಸ ಬೇ. ಮಂಗ್ಯಾ ಒಂದ ಉಳದೈತಿ.”

“ಎಲ್ಲಿ ಉಳದೈತಿ? ಇಲ್ಲೇ ಎದುರಿಗೆ ನಿಂತೈತಲ್ಲ!” ಎಂದಳು. ಆದರೂ ನಿಲ್ಲಿಸಿದಳು.

ಖಟ್ ಖಟ್ ಹೋಯಿತು. ಮಂಗನೊಬ್ಬನೇ ಏಕೆಂದು ಕಂಡಕ್ಟರಿನಿಂದ ಹಿಡಿದು ಎಲ್ಲವನ್ನೂ ಒಂದೇ ಸಲಕ್ಕೆ ಮತ್ತೆ ರೆಕಾರ್ಡ್ ಮಾಡಿದೆ. ಅದರ ಜಾಗದಲ್ಲಿ ಗೊಂಯ್ ಎಂಬ ಹೊಸ ಸದ್ದು. ಕಂಡಕ್ಟರು, ಮುದುಕ ಇಬ್ಬರೂ ಸ್ವಚ್ಛವಾಗಿ ಮಾತಾಡುತ್ತಿದ್ದರು. ಗೈಡು ಬಾಯಿ ತೆರೆದ ಕೂಡಲೇ ಗೊಂಯ್. ಮಂಗನಂತೂ ಹಿಟ್ಟಿನ ಗಿರಣಿಯಲ್ಲಿ ಕುಳಿತಂತಿತ್ತು. ಅತ್ತಿಯ ಮನೆಯ ಫ್ಯಾನೇ ಎಂದುಕೊಂಡು ಮರುದಿನ ಅದನ್ನೂ ಬಂದ್ ಮಾಡಿಸಿದೆ. ಆ ಬಿಸಿಲಿನಲ್ಲಿ ಆಕೆ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ, ಅರ್ಧ ಸೀರೆಯನ್ನೇ ನೋಡುತ್ತ ಕುಳಿತಳು. ಗೊಂಯ್ ಮಾತ್ರ ಹಾಗೇ ಇತ್ತು. ಹೀಗೇ ಆ ವಾರದ ಮಧ್ಯಾಹ್ನಗಳು ಕಳೆದವು.

ಶುಕ್ರವಾರ ಗೈಡಿನ ಮಾತು ಮರೆತು, ಹಿಂದಿನದನ್ನು ಕೇಳೋಣವೆಂದು ಮೌಸ್ ಮುಟ್ಟಿದೆ. ತಟ್ಟನೆ ಗೊಂಯ್ ನಿಂತಿತು. ದೂರ ಹೋಗಿ ನಿಂತೆ. ಸ್ವಲ್ಪ ಹೊತ್ತಿಗೆ ಮತ್ತೆ ಶುರು. ಮುಟ್ಟಿದೆ, ಮೌನ. ಮಾಸ್ತರರು ಬಂದೊಡನೆ ತೆಪ್ಪಗಾಗುವ ನಮ್ಮ ಸಾಲಿಯ ಹಿಂದಿನ ಬೆಂಚಿನಂತೆಯೇ! ಮೇಜಿನ ಕೆಳಗೆ ಬಗ್ಗಿ ಕಂಪ್ಯೂಟರಿನ ಪೆಟ್ಟಿಗೆಯ ಮೇಲೆ ಕೈಯಿಟ್ಟರೆ, ಹಂಚಿನಿಂದ ಈಗಷ್ಟೇ ಇಳಿಸಿದ ರೊಟ್ಟಿಯಷ್ಟು ಬಿಸಿ.

ಆಗ ನೆನಪಾಯಿತು. ಧ್ವನಿ ಕತ್ತರಿಸಿ ಜೋಡಿಸುವ ಆ ಸಾಫ್ಟ್‌ವೇರ್ ಪುಕ್ಕಟೆಯದು. ಹಾಕಿಕೊಳ್ಳುವಾಗಲೇ ಅದು ವಿನಯದಿಂದ ಕೇಳಿತ್ತು: ನಿಮ್ಮ ಕಂಪ್ಯೂಟರು ಖಾಲಿ ಇದ್ದಾಗ ನಮ್ಮ ಲೆಕ್ಕಗಳನ್ನು ಬಿಡಿಸಲು ಬಿಡುತ್ತೀರಾ? ಅದರಿಂದ ಬರುವ ಕ್ರಿಪ್ಟೊ ನಾಣ್ಯವೇ ಇದನ್ನು ಬರೆದವರಿಗೆ ಆಸರೆ; ಬೇಡವಾದರೆ ಬಿಡಿ, ಯಾವಾಗ ಬೇಕಾದರೂ ನಿಲ್ಲಿಸಬಹುದು. ಗುಡಿಯ ಫ್ಯಾನಿನ ರೆಕ್ಕೆಯ ಮೇಲೆ ಹೆಸರು ಬರೆಸುವ ಸಾಹುಕಾರನ ಗತ್ತಿನಲ್ಲಿ ನಾನು ಟಿಕ್ ಹಾಕಿದ್ದೆ. ದಾನಿ ನಾನು, ಕರೆಂಟ್ ಬಿಲ್ಲು ಅಪ್ಪನದು. ರೆಕಾರ್ಡಿಂಗ್ ನಡೆದಿದ್ದರೂ, ಐದು ನಿಮಿಷ ಮೌಸ್ ಮುಟ್ಟದವನು ಅದರ ಕಣ್ಣಿಗೆ ಖಾಲಿ ಕುಳಿತವನೇ. ಕಂಡಕ್ಟರು, ಮುದುಕ ಮುಗಿಯುವಷ್ಟರಲ್ಲಿ ಐದು ನಿಮಿಷ ಆಗುತ್ತಿತ್ತು. ಪೆಟ್ಟಿಗೆ ದುಡಿಯಲು ಶುರು, ಕಾದ ಹೊಟ್ಟೆ ಆರಿಸಲು ಒಳಗಿನ ಫ್ಯಾನು ಶುರು.

ಟಿಕ್ ತೆಗೆಯಲು ಹೋದ ಕೈ ಅಲ್ಲೇ ನಿಂತಿತು. ಎಲ್ಲೋ ಕುಳಿತು ಇದನ್ನು ಬರೆದವರು ಯಾರೋ. ನನ್ನ ಮಂಗನ ಕೂಗನ್ನು ಇಷ್ಟು ಚೆಂದ ಜೋಡಿಸಿಕೊಟ್ಟವರಿಗೆ ನಾನು ಬೇರೆ ಏನು ಕೊಟ್ಟಿದ್ದೆ? ರೆಕಾರ್ಡ್ ಮಾಡುವಾಗ ಮಾತ್ರ ನಿಲ್ಲಿಸಿ, ಮಿಕ್ಕ ಹೊತ್ತು ದುಡಿಯಲಿ ಎಂದು ಬಿಟ್ಟೆ. ಆಮೇಲೆ ಅತ್ತಿಯ ಮುಂದೆ ಹೋಗಿ ಎಲ್ಲವನ್ನೂ ಒಪ್ಪಿಸಿದೆ. ಅರ್ಧಕ್ಕಿದ್ದ ಸೀರೆ ಇನ್ನೂ ಮುಕ್ಕಾಲಿಗೂ ಬಂದಿರಲಿಲ್ಲ.

ಬೈಗುಳ ಬರುತ್ತದೆಂದು ನಿಂತರೆ ಆಕೆಗೆ ಕುತೂಹಲ ಬಂತು.

“ಲೆಕ್ಕ ಅಂದಿ. ಯಾರ ಲೆಕ್ಕ?”

“ಖರೆ ಹೇಳ್ಬೇಕಂದ್ರ ನನಗೂ ಪೂರಾ ತಿಳಿದಿಲ್ಲ ಅತ್ತಿ. ಬಿಡಿಸಿದ್ರ ನಾಣ್ಯ ಬರತೈತಂತ.”

“ಬಾಜೂಕ ಯಾರರ ಕುಂದರಬೇಕೇನು?”

“ಏ, ಯಾರೂ ಬ್ಯಾಡ,” ಎಂದೆ, ಐಹೊಳೆಯ ಗೈಡಿನ ಗತ್ತಿನಲ್ಲಿ. “ಅದು ಭಾಳ ಶಾಣ್ಯಾ ಪೆಟ್ಟಿಗಿ. ಕೆಲಸ ಇಲ್ಲದ ಖಾಲಿ ಕುಂತಾಗ ಮತ್ತೊಬ್ಬರ ಸಲುವಾಗಿ ದುಡಿತೈತಿ.”

ಅತ್ತಿ ಮಗ್ಗದ ಕುಣಿಗೆ ಕಾಲು ಇಳಿಬಿಟ್ಟು ಕುಳಿತಳು. ಲಾಳಿಯೊಳಗೆ ಕೂರಿಸುವ ಕಂಡಿಕೆಗಳೆಲ್ಲ ನೂಲಿಲ್ಲದೆ ಬುಟ್ಟಿಯಲ್ಲಿ ಬಿದ್ದಿದ್ದವು. ಬುಟ್ಟಿಯನ್ನು ನನ್ನತ್ತ ನೂಕಿ, ನೂಲು ಸುತ್ತುವ ರಾಟಿಯನ್ನು ತೋರಿಸಿದಳು.

“ಪೆಟ್ಟಿಗಿಗೇ ಅಷ್ಟ ಬುದ್ಧಿ ಐತಿ. ನೀನೂ ಖಾಲೀನ ಅದಿಯಲ್ಲ ಅಳಿಯಾ, ಕುಂದರು, ಕಂಡಿಕಿ ಸುತ್ತು.”