ಹೊಸ್ತಿಲಿಲ್ಲದ ಡಬ್ಬ

ರಾಮನಗರದ ಬೆಟ್ಟಗಳ ಬುಡದಲ್ಲೊಂದು ರೆಸಾರ್ಟಿದೆ. ಹೋದ ವರ್ಷ ಮಗಳು ಅಲ್ಲಿಗೆ ಕರೆದುಕೊಂಡು ಹೋಗಿದ್ದಳು. ಚಕ್ರದ ಮೇಲೆ ಕೂರಿಸಿದ ಪುಟಾಣಿ ಮನೆಗಳು ಸಾಲಾಗಿ ನಿಂತಿದ್ದವು. ಒಳಗೆ ಮಡಚುವ ಮಂಚ, ಗೋಡೆಗೆ ಅಂಟಿದ ಮೇಜು, ಮೂಲೆಯಲ್ಲೊಂದು ಒಲೆ. "ಎಷ್ಟು ಮುದ್ದಾಗಿದೆ ಅಲ್ವೇನಮ್ಮ, ಎಲ್ಲಿಗೆ ಬೇಕಾದ್ರೂ ಎಳ್ಕೊಂಡು ಹೋಗಬಹುದು," ಅಂದಳು. ನನಗೆ ಮೈಯೆಲ್ಲ ಉರಿದುಹೋಯಿತು. ಇಂಥದ್ದರಲ್ಲೇ ಬೆಳೆದವಳಿಗೆ, ಈ ವಯಸ್ಸಿನಲ್ಲಿ ಮತ್ತೆ ಇದರಲ್ಲೇ ಮಲಗು ಅಂದರೆ ಹೇಗಿರಬೇಡ? ಹೊರಗೆ ಕುರ್ಚಿ ಹಾಕಿಸಿಕೊಂಡು ಕೂತೆ. ಒಳಗೆ ಬರಲ್ಲ ಅಂದರೆ ಬರಲ್ಲ ಅಂದೆ. ಯಾಕೆ ಅಂತ ಕೇಳಿದಳು, ಆಗ ಹೇಳುವ ಮನಸ್ಸಾಗಲಿಲ್ಲ.

ನಮ್ಮಪ್ಪ ರೋಡ್ ರೋಲರ್ ಓಡಿಸುತ್ತಿದ್ದ. ಕನಕಪುರ, ಚನ್ನಪಟ್ಟಣ, ಮಾಗಡಿ, ಎಲ್ಲಿ ಜಲ್ಲಿ ಹರಡಿ ಡಾಂಬರು ಹಾಕುತ್ತಿದ್ದರೋ ಅಲ್ಲಿ ನಾವು. ರೋಲರಿನ ಹಿಂದೆ ಕೊಂಡಿ ಹಾಕಿ ಎಳೆಯುವ ತಗಡಿನ ಗಾಡಿಯೊಂದನ್ನು ಕಂಟ್ರಾಕ್ಟರು ಕೊಟ್ಟಿದ್ದ. ನಾಲ್ಕು ಕಬ್ಬಿಣದ ಗಾಲಿ, ಮೇಲೆ ಕಮಾನಿನ ತಗಡು, ಒಂದು ಬಾಗಿಲು, ಒಂದು ಕಿಟಕಿ. ಅಪ್ಪ, ಅವ್ವ, ನಾನು ಅದರೊಳಗೆ. ಒಬ್ಬರು ಎದ್ದು ನಿಂತರೆ ಇನ್ನಿಬ್ಬರು ಕಾಲು ಮಡಚಬೇಕು. ಬೇಸಿಗೆಯಲ್ಲಿ ತಗಡು ಮುಟ್ಟಿದರೆ ಕೈ ಬೊಬ್ಬೆ ಬರುತ್ತಿತ್ತು. ರಾಗಿ ಹಿಟ್ಟು, ಬಟ್ಟೆ, ತಲೆದಿಂಬು, ಎಲ್ಲದಕ್ಕೂ ಡೀಸೆಲ್ ವಾಸನೆ. ಉಯ್ಯಂಬಳ್ಳಿಯ ರಸ್ತೆಗೆ ಹೋದಾಗ ಮಳೆ ಹಿಡಿದು ಗಾಲಿಗಳು ಕೆಸರಿನಲ್ಲಿ ಹೂತುಕೊಂಡವು, ಮಳೆಗಾಲ ಮುಗಿಯುವವರೆಗೂ ಓರೆಯಾಗಿಯೇ ಮಲಗಿದೆವು. ಅವ್ವನಿಗೆ ಕೆಮ್ಮು ಶುರುವಾದದ್ದು ಅಲ್ಲೇ.

ಜನ ಆ ಗಾಡಿಗೆ ಡಬ್ಬ ಅನ್ನುತ್ತಿದ್ದರು. ಅಪ್ಪ ಮನೆ ಅನ್ನುತ್ತಿದ್ದ. ಅವ್ವ ಸತ್ತರೂ ಮನೆ ಅನ್ನಲಿಲ್ಲ. "ಹೊಸ್ತಿಲು ಇಲ್ದಿದ್ದು ಎಂಥ ಮನೆ?" ಅನ್ನುವಳು. ಅದರ ಬಾಗಿಲ ಕೆಳಗೆ ಬರೀ ಒಂದು ಕಬ್ಬಿಣದ ಪಟ್ಟಿ. ಅದಕ್ಕೆ ಅವಳು ಒಂದು ದಿನವೂ ಅರಿಶಿನ ಹಚ್ಚಲಿಲ್ಲ, ಮುಂದೆ ಒಂದು ರಂಗೋಲಿ ಗೆರೆ ಎಳೆಯಲಿಲ್ಲ. ಅವಳ ಪಾಲಿಗೆ ಮನೆ ಅಂದರೆ ಗುಡೇಮಾರನಹಳ್ಳಿ ಕಡೆಯ ನಮ್ಮೂರಿನ ಮನೆ, ಅವಳು ಮದುವೆಯಾಗಿ ಸೇರಕ್ಕಿ ಒದ್ದು ಒಳಗೆ ಬಂದ ಮನೆ. ಭಾಗವಾದಾಗ ಅದು ದೊಡ್ಡಪ್ಪನ ಪಾಲಿಗೆ ಹೋಯಿತು. ಹೊಲದಲ್ಲಿ ಬೇರೆ ಕಟ್ಟುತ್ತೇನೆ ಅಂತ ಅಪ್ಪ ಬಾಯಲ್ಲಿ ಕಟ್ಟುತ್ತಲೇ ಇದ್ದ.

ಕೆಮ್ಮು ಬಿಡಲಿಲ್ಲ. ಆಸ್ಪತ್ರೆಯವರು ಕೊನೆಗೆ, ಮನೆಗೆ ಕರೆದುಕೊಂಡು ಹೋಗಿ ಅಂದರು. ಆಗ ನಾವು ಮಾಗಡಿಗಿಂತ ಈಚೆ ಒಂದು ರಸ್ತೆಯ ಪಕ್ಕದಲ್ಲಿದ್ದೆವು. ಅವ್ವ ಎರಡು ಮಾತು ಕೇಳಿದಳು, ಅಷ್ಟೇ. "ಉಸಿರಿರಾಗ್ಲೇ ಊರಿಗೆ ಕರ್ಕೊಂಡೋಗಿ. ಆ ನಡುಮನೇಲಿ ಮಲಗಿಸ್ಬುಡಿ, ಸಾಕು."

ಮಾಗಡಿ ಮೇಲೆ ಊರಿನ ಕಡೆಗೆ ಬಸ್ಸಿತ್ತು. ನಾವಿದ್ದ ಜಾಗದಲ್ಲೂ ಕೈ ಅಡ್ಡ ಹಿಡಿದರೆ ನಿಲ್ಲಿಸುತ್ತಿದ್ದರು. ಮಧ್ಯಾಹ್ನದೊಳಗೆ ಊರು ಮುಟ್ಟಬಹುದಿತ್ತು. ಅಪ್ಪ ಬೇಡ ಅಂದ. ನಮ್ಮ ಕಡೆ, ಊರಾಚೆ ಸತ್ತವರ ಹೆಣವನ್ನು ಊರೊಳಗೆ ತರುವಂತಿಲ್ಲ. ಊರ ಬಾಗಿಲಲ್ಲೇ ಇಳಿಸಿ ಹಾಗೇ ಮಣ್ಣು ಮಾಡಬೇಕು. ಆ ಹೆದರಿಕೆ ಅಪ್ಪನನ್ನು ಹಿಡಿದುಕೊಂಡಿತ್ತು.

"ಬಸ್ನಾಗೆ ಜೀವ ಹೋದ್ರೆ ಏನ್ ಮಾಡ್ಲಿ? ಬಸ್ಸು ಯಾರಪ್ಪನ ಮನೆ? ನಿನ್ನ ಊರೊಳಿಕ್ಕೆ ಬುಡಾಕಿಲ್ಲ ಕಣೆ. ಇದ್ರಾಗೇ ಎಳ್ಕೊಂಡೋಯ್ತೀನಿ. ಇದು ನಮ್ಮನೆ. ದಾರೀಲಿ ಏನಾರ ಆದ್ರೂ ಮನೇಲಿ ಆದಂಗೇ," ಅಂದ.

ಅವ್ವ ತಗಡನ್ನೇ ನೋಡುತ್ತ ಮಲಗಿದ್ದಳು. "ಬಸ್ಸಾದ್ರೆ ಬಿರ್ರನೆ ಹೋಯ್ತದೆ," ಅಂದಳು.

ಕಂಟ್ರಾಕ್ಟರನ್ನು ಕೇಳದೆ ಅಪ್ಪ ರೋಲರಿಗೆ ಡಬ್ಬ ಸಿಕ್ಕಿಸಿ ಬೆಳಿಗ್ಗೆ ಹೊರಟ. ರೋಲರಿನ ಓಟ ನೋಡದವರಿಗೆ ಹೇಳಿದರೂ ಗೊತ್ತಾಗುವುದಿಲ್ಲ. ತಲೆ ಮೇಲೆ ಹುಲ್ಲು ಹೊರೆ ಹೊತ್ತ ಹೆಂಗಸರು ನಮ್ಮನ್ನು ದಾಟಿಕೊಂಡು ಹೋದರು. ದನ ದಾಟಿದವು. ಸ್ವಲ್ಪ ಹೊತ್ತಿಗೆ ಆ ಬಸ್ಸು ಹಾರ್ನ್ ಹೊಡೆಯುತ್ತ ಬಂತು. ಅಪ್ಪ ಪಕ್ಕಕ್ಕೆ ಸರಿದು ಅದಕ್ಕೆ ದಾರಿ ಬಿಟ್ಟ. ಅದರ ಧೂಳು ಕಿಟಕಿಯಲ್ಲಿ ಒಳಗೆ ಬಂದು ಅವ್ವ ಕೆಮ್ಮಿದಳು, ನಾನು ಅವಳ ಸೆರಗಿನಿಂದಲೇ ಮುಖ ಮುಚ್ಚಿದೆ. ಮಾಗಡಿ ದಾಟುವಷ್ಟರಲ್ಲಿ ಅದೇ ಬಸ್ಸು ಊರಿನ ಕಡೆ ಹೋಗಿ ಮತ್ತೆ ವಾಪಸ್ಸು ಬಂತು. ಅಪ್ಪ ಅದನ್ನು ನೋಡಲಿಲ್ಲವೇ? ನೋಡಿಯೇ ಇರುತ್ತಾನೆ. ಆ ಹಟಮಾರಿ ಬೆನ್ನು ಮಾತ್ರ ಒಂದು ಸಲವೂ ಇತ್ತ ತಿರುಗಲಿಲ್ಲ.

ಕಬ್ಬಿಣದ ಗಾಲಿಗಳು ಜಲ್ಲಿಯ ಮೇಲೆ ಉರುಳುವಾಗ ಡಬ್ಬದೊಳಗೆ ಪಾತ್ರೆಪಗಡೆಯೆಲ್ಲ ಕುಣಿಯುತ್ತಿದ್ದವು. ಅವ್ವನ ತಲೆಯನ್ನು ತೊಡೆಯ ಮೇಲೆ ಒತ್ತಿ ಹಿಡಿದುಕೊಂಡಿದ್ದೆ.

"ಊರು ಬಂತಾ?" ಅಂದಳು.

"ಬಂತವ್ವ, ಇನ್ನೊಸಿ ದೂರ," ಅಂದೆ. ಬಂದಿರಲಿಲ್ಲ.

ಅವಳ ಬಾಯಿಗೆ ನೀರು ಬಿಟ್ಟೆ. ಒಳಗೆ ಹೋಗಲಿಲ್ಲ, ಕಟಬಾಯಿಯಿಂದ ಇಳಿದು ನನ್ನ ಲಂಗ ಒದ್ದೆಯಾಯಿತು. ಆ ಸದ್ದಿನಲ್ಲಿ ಅಪ್ಪನನ್ನು ಕೂಗಿದರೆ ಕೇಳಿಸುತ್ತಿರಲಿಲ್ಲ. ದಿನಾ ಊಟಕ್ಕೆ ಕರೆಯುವಾಗ ಸೌಟಿನಿಂದ ತಗಡು ಬಡಿಯುವುದು ನಮ್ಮ ರೂಢಿ. ಹಾಗೇ ಬಡಿದೆ. ಅಪ್ಪ ಹಿಂದೆ ತಿರುಗದೆಯೇ ಕೈಯೆತ್ತಿ, ಆಮೇಲೆ ಉಣ್ಣುತ್ತೇನೆ ಅನ್ನುವಂತೆ ಆಡಿಸಿದ. ನಾನು ತಗಡು ತಗ್ಗುವಂತೆ ಬಡಿದೆ. ಆಗ ನಿಲ್ಲಿಸಿ ಇಳಿದು ಬಂದ.

ಅವ್ವನ ಮೂಗಿನ ಹತ್ತಿರ ಕೈ ಹಿಡಿದು ನೋಡಿದ. ಅಳಲಿಲ್ಲ. "ಮನೇಲೇ ಹೋಗವ್ಳೆ. ಯಾರ್ ಕೇಳುದ್ರೂ ಅಂಗೇ ಹೇಳು," ಅಂದು ಮತ್ತೆ ರೋಲರ್ ಹತ್ತಿದ.

ಊರ ಬಾಗಿಲಿಗೆ ಬರುವಷ್ಟರಲ್ಲಿ ಹೊತ್ತು ಇಳಿದಿತ್ತು. ರೋಲರಿನ ಸದ್ದು ಕೇಳಿ ಜನ ಆಗಲೇ ಸೇರಿದ್ದರು. ದೊಡ್ಡಪ್ಪ ಡಬ್ಬದೊಳಗೆ ಬಗ್ಗಿ ನೋಡಿ ಹೆಗಲ ಟವೆಲು ಬಾಯಿಗೊತ್ತಿಕೊಂಡ. ಅವನ ಜೊತೆಗಿದ್ದ ಹಿರಿಯರೊಬ್ಬರು ಕೇಳಿದರು: "ಎಲ್ಲಿ ಜೀವ ಹೋಗಿದ್ದು?"

"ಮನೇಲಿ," ಅಂದ ಅಪ್ಪ. "ನಾವು ಇರಾದು ಇದ್ರಾಗೇ. ಒಲೆ ಐತೆ, ದೇವ್ರ ಪಟ ಐತೆ, ಹಾಸ್ಗೆ ಐತೆ. ಇವಳು ಮನೆ ಬುಟ್ಟು ಆಚೆ ಕಾಲಿಟ್ಟಿಲ್ಲ. ನೋಡ್ಕಳಿ ಬೇಕಾರೆ."

ಹಿರಿಯರು ಒಬ್ಬೊಬ್ಬರಾಗಿ ಬಂದು ಬಗ್ಗಿ ನೋಡಿದರು. ಒಲೆ ನೋಡಿದರು, ದೇವರ ಪಟ ನೋಡಿದರು. ತಮ್ಮತಮ್ಮಲ್ಲೇ ಪಿಸುಗುಟ್ಟಿದರು. ಕೊನೆಗೆ ಆ ಹಿರಿಯರೇ ಅಂದರು: "ಸರಿ ಕಣಪ್ಪ, ಒಪ್ಕಂಡೊ. ಇದೂ ಮನೇನೇ. ಗಾಡೀನ ಊರೊಳಿಕ್ಕೆ ತಂದ್ಕೊ."

ಅಪ್ಪನ ಮುಖ ಅರಳಿತು. ನಿಜವಾಗಿ ಅರಳಿತು, ನಾನು ನೋಡಿದೆ. ಡಬ್ಬವನ್ನು ದೊಡ್ಡಪ್ಪನ ಮನೆ ಮುಂದೆ ನಿಲ್ಲಿಸಿ ಅವ್ವನನ್ನು ಎತ್ತಿಕೊಳ್ಳಲು ಕೈ ಚಾಚಿದ. ದೊಡ್ಡಪ್ಪ ಅವನ ರಟ್ಟೆ ಹಿಡಿದ.

"ಎಲ್ಲಿಗ್ಲಾ?"

"ಒಳಿಕ್ಕೆ, ನಡುಮನೆಗೆ. ಅದೊಂದೇ ಕೇಳಿದ್ಲು ಕಣಣ್ಣ."

"ನೀನೇ ಹೇಳ್ದಲ್ಲ, ಅವಳ ಮನೇಲೇ ಹೋಗವ್ಳೆ ಅಂತ. ಒಂದು ಮನೇಲಿ ಸತ್ತೋರ್ನ ಇನ್ನೊಂದು ಮನೆ ಒಳಿಕ್ಕೆ ತತ್ತಾರೇನ್ಲಾ? ಎಲ್ಲಿ ಜೀವ ಹೋಯ್ತೋ ಅಲ್ಲಿಂದ್ಲೇ ಎತ್ಬೇಕು."

ಅಪ್ಪ ಚಾಚಿದ ಕೈ ಇಳಿಸಿದ. ಡಬ್ಬ ಮನೆಯಲ್ಲ ಅಂದರೆ ಅವ್ವ ಬೀದಿಯಲ್ಲಿ ಸತ್ತವಳು, ಊರಾಚೆಗೆ ಒಯ್ಯಬೇಕು. ಮನೆ ಅಂದರೆ ಅಲ್ಲೇ ಇರಬೇಕು. ದೊಡ್ಡಪ್ಪ ಕೆಟ್ಟವನೇನಲ್ಲ, ಅವನೂ ಅಳುತ್ತಿದ್ದ. ಅವ್ವನ ಮೈ ತೊಳೆದದ್ದು ಬೀದಿಯಲ್ಲಿ, ನಾಲ್ಕು ಸೀರೆ ಮರೆ ಹಿಡಿದು. ಎತ್ತಿದ್ದು ಡಬ್ಬದಿಂದ. ಅಲ್ಲಿಂದ ಆ ಮನೆಯ ಹೊಸ್ತಿಲು ಕಾಣುತ್ತಿತ್ತು, ಕೆಂಪು ಕಾವಿ ಬಳಿದು ಅರಿಶಿನ ಹಚ್ಚಿದ ಹೊಸ್ತಿಲು.

ಜೀವ ಹೋದ ಜಾಗದಲ್ಲಿ ತಿಥಿಯವರೆಗೆ ದೀಪ ಆರಬಾರದು. ಅದನ್ನೂ ಡಬ್ಬದಲ್ಲೇ ಹಚ್ಚಿದರು. ಎರಡು ದಿನಕ್ಕೆ ಕಂಟ್ರಾಕ್ಟರ ಕಡೆಯವನು ಬೈದುಕೊಂಡು ಬಂದ, ಕೆಲಸ ನಿಂತಿದೆ, ರೋಲರ್ ಈಗಲೇ ಬೇಕು ಅಂತ. ದೀಪ ಉರಿಯುತ್ತಿರುವಂತೆಯೇ ಅಪ್ಪ ಡಬ್ಬ ಎಳೆದುಕೊಂಡು ಹೊರಟ. ದಾರಿಯುದ್ದಕ್ಕೂ ನಾನು ಎರಡೂ ಕೈ ಅಡ್ಡ ಹಿಡಿದು ಕೂತಿದ್ದೆ. ಎಣ್ಣೆ ತುಳುಕಿ ಅಂಗೈ ಸುಟ್ಟಿತು, ದೀಪ ಮಾತ್ರ ಆರಲು ಬಿಡಲಿಲ್ಲ.

ತಿಥಿ ಮುಗಿದ ಮಾರನೆಯ ಬೆಳಿಗ್ಗೆ ಎದ್ದು ನೋಡಿದರೆ ಅಪ್ಪ ಡಬ್ಬದ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ಕಬ್ಬಿಣದ ಪಟ್ಟಿ ತೊಳೆದು ಅರಿಶಿನ ಬಳಿದಿದ್ದ, ಕುಂಕುಮ ಇಟ್ಟಿದ್ದ, ಕೆಳಗೆ ಮಣ್ಣಿನಲ್ಲಿ ಸೊಟ್ಟಸೊಟ್ಟ ರಂಗೋಲಿ ಎಳೆದಿದ್ದ. ಬೆರಳೆಲ್ಲ ಹಳದಿಯಾಗಿತ್ತು.

"ಹೊಸ್ತಿಲು ಮಾಡ್ದೆ ಕಣವ್ವ," ಅಂದ.

ನಾನು ಒದ್ದೆ ಬಟ್ಟೆ ತಂದು ಪಟ್ಟಿಯನ್ನು ಒರೆಸಿದೆ, ಅವ್ವ ಒಂದು ದಿನವೂ ಹಚ್ಚದ ಆ ಅರಿಶಿನ ಪೂರ್ತಿ ಹೋಗುವವರೆಗೂ ಉಜ್ಜಿದೆ. ರಂಗೋಲಿಯನ್ನು ಕಾಲಿನಿಂದ ಅಳಿಸಿದೆ. ಅಪ್ಪ ತಡೆಯಲಿಲ್ಲ. ಎದ್ದುಹೋಗಿ ರೋಲರ್ ಸ್ಟಾರ್ಟ್ ಮಾಡಿದ.