ಉಳಿಯದ ಸಾಲು

ಯಾವ ಕೂಸಿಗೆ ಎಂಥ ಸೂಜಿ ಚುಚ್ಚಿಬಿಡುತ್ತಾರೋ ಎಂಬ ಚಿಂತೆ ಬೆಳಗಿನಿಂದ ಭುವನೇಶ್ವರಿಯ ಬೆನ್ನು ಬಿಟ್ಟಿರಲಿಲ್ಲ. ಮನೆಯಲ್ಲಿ ಬಿಟ್ಟುಬಂದ ತನ್ನ ಮಗಳ ಮುಖವೇ ಕಣ್ಣೆದುರು ಬರುತ್ತಿತ್ತು.

ಹುಬ್ಬಳ್ಳಿಯಲ್ಲಿ ಓದಿ ಇಂಡಿಗೆ ಸೊಸೆಯಾಗಿ ಬಂದವಳು ಅವಳು. ಗುರಲಿಂಗಪ್ಪನ ಕಂಪ್ಯೂಟರ್ ಅಂಗಡಿಯಲ್ಲಿ ಪ್ರೋಗ್ರಾಮ್ ಬರೆಯುತ್ತಿದ್ದಳು. ೨೦೦೯ರಲ್ಲಿ ಸಿಂದಗಿಯ ಒಂದು ಮಕ್ಕಳ ಆಸ್ಪತ್ರೆಗೆ ರೋಗಿಗಳ ವಿವರ ಇಡುವ ಸಾಫ್ಟ್‌ವೇರ್ ಕೊಟ್ಟಿದ್ದರು. ಅಲ್ಲಿನ ನರ್ಸ್ ಗುಂಡವ್ವನದು ಒಂದೇ ಹಟ: ಬರೆದದ್ದನ್ನು ಅಳಿಸಬಾರದು, ಹೊಸದೇನಿದ್ದರೂ ಹಳೆಯದರ ಬಾಲಕ್ಕೇ ಜೋಡಿಸಬೇಕು. ಅದಕ್ಕೆಂದು ಗುರಲಿಂಗಪ್ಪ ತಾನೇ ಸ್ಕ್ರೀನಿನ ಮೇಲೆ ಒಂದು ಬಟನ್ ಮಾಡಿದ್ದ.

ಇವತ್ತು ಬೆಳಿಗ್ಗೆ ಗುಂಡವ್ವ ಫೋನಿನಲ್ಲೇ ಹರಿಹಾಯ್ದಿದ್ದಳು. "ಕೂಸಿಗೆ ಪೆನಿಸಿಲಿನ್ ಆಗೂದಿಲ್ಲಂತ ನಿನ್ನೆ ಹಾಕೇನ್ರಿ. ಇವತ್ತ ನೋಡಿದ್ರ ಇಲ್ಲ! ಏನ್ ಮಾರೀರಿ ನಮಗ?"

ಭುವನೇಶ್ವರಿ ಪ್ರೋಗ್ರಾಮಿನ ಒಳಹೊಕ್ಕು ನೋಡಿದಳು. ಅವರು ಬಳಸುತ್ತಿದ್ದ ಲೈಬ್ರರಿ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಪ್ರೋಗ್ರಾಮ್, ಏನು ಬದಲಾಗಿದೆಯೆಂದು ಗುರುತಿಟ್ಟುಕೊಂಡು ಅಷ್ಟನ್ನೇ ಡೇಟಾಬೇಸಿಗೆ ಬರೆಯುತ್ತಿತ್ತು. ಹಳೆಯದನ್ನು ತೆಗೆದು ಹೊಸದನ್ನಿಟ್ಟರೆ ಅದಕ್ಕೆ ತಿಳಿಯುತ್ತಿತ್ತು. ಹಳೆಯದಕ್ಕೇ ಬಾಲ ಅಂಟಿಸಿದರೆ ಸುಳಿವೇ ಹತ್ತುತ್ತಿರಲಿಲ್ಲ. ಏನೂ ಬರೆಯದೆ, ಎಲ್ಲ ಸರಿಯಾಯಿತು ಎನ್ನುತ್ತಿತ್ತು.

"ಸರ್, ನಿಮ್ಮ ಬಟನ್ನಾಗ ತಪ್ಪೈತ್ರಿ."

"ಹುಬ್ಬಳ್ಳ್ಯಾಗ ಕಲ್ತ ಬಂದಿ ಅಂತ ನನಗ ಪಾಠ ಹೇಳ್ತಿಯೇನವಾ?" ಗುರಲಿಂಗಪ್ಪ ಸಿಡುಕಿದ. "ಸೇವ್ ಆತು ಅಂತ ಸ್ಕ್ರೀನ್ ಮ್ಯಾಲ ಬರ್ತೈತಿಲ್ಲ?"

"ಬರ್ತೈತ್ರಿ. ಅದ ಸುಳ್ಳು."

"ಹಂಗಾರ ಸುಮ್ನ ತಿದ್ದು. ಬಾಗೇವಾಡಿ, ಮುದ್ದೇಬಿಹಾಳ ಆಸ್ಪತ್ರಿಯವ್ರು ಇದನ್ನ ನೋಡಾಕ ಬರೋರದಾರ. ಗುಂಡವ್ವಗ ಬಟನ್ ಒತ್ತಾಕ ಬರೂದಿಲ್ಲಂತ ಡಾಕ್ಟರಿಗೆ ಹೇಳೇನಿ."

"ತಿದ್ದಿದ್ರ ಇನ್ನ ಮುಂದಿಂದು ಉಳಿತೈತಿ. ಹೋಗಿದ್ದು ಬರೂದಿಲ್ರಿ. ಯಾವ್ಯಾವ ಕೂಸಿಂದು ಹೋಗೈತೋ! ಡಾಕ್ಟರಿಗೆ ಫೋನ್ ಮಾಡಿ ಹೇಳಬೇಕ್ರಿ."

"ಒಂದು ಹಡದಿ, ಊರ ಕೂಸೆಲ್ಲಾ ನಿನ್ನವ ಆದ್ವು ನೋಡು! ಫೋನ್ ಮುಟ್ಟಿದ್ರ ನಾಳೆಯಿಂದ ಮನ್ಯಾಗ ತೊಟ್ಟಿಲಾ ತೂಗ್ಕೋತ ಕುಂದ್ರು."

ಅವಳು ತಿದ್ದಿದಳು. ಒಂದೇ ಸಾಲಿನ ಕೆಲಸ. ಆಸ್ಪತ್ರೆಯಲ್ಲಿ ಈಗ ಸೂಜಿ ಮಾಡುವ ಹೊತ್ತು. ಗುರಲಿಂಗಪ್ಪ ಎದುರಿನ ಕುರ್ಚಿಯಿಂದ ದುರುಗುಟ್ಟುತ್ತಿದ್ದಂತೆಯೇ ರಿಸೀವರ್ ಎತ್ತಿ ಸಿಂದಗಿಯ ನಂಬರ್ ಒತ್ತಿದಳು.

"ಡಾಕ್ಟರ್ ಸುಮಂಗಲಾ ಏನ್ರಿ? ಇಂಡಿಯಿಂದ ಭುವನೇಶ್ವರಿ ಮಾತಾಡಾಕತ್ತೇನ್ರಿ. ಗುಂಡವ್ವಂದು ಏನೂ ತಪ್ಪಿಲ್ರಿ, ತಪ್ಪು ನಮ್ದು. ಕಂಪ್ಯೂಟರ್ ನಂಬಬ್ಯಾಡ್ರಿ. ಸೂಜಿ ಮಾಡೂ ಮೊದ್ಲ ಕೂಸಿನ ತಾಯಿನ್ನ ಕೇಳ್ರಿ. ಎಲ್ಲಾರ್ನೂ ಕೇಳ್ರಿ."